ಸಂದು

ಸುಟ್ಟ ಸ್ಪೀಕರ್ ಬಿಚ್ಚಿದ್ರ ಮೊದಲ ವಾಸನಿ ಬರ್ತದ:
ವಾರ್ನಿಶು, ಅಂಟು, ಯಾರದೋ ಮದುವಿಯ ರಾತ್ರಿ.
ಮಶಾಕ್ ಉಸ್ತಾದ ಮೂಸಿ ಹೇಳ್ತಾನ,
"ಡಿಜೆ ಟೆಂಪೋದ್ದು. ತಡಕೊಳ್ಳಲಾರದಷ್ಟು ಕುಡಿಸ್ಯಾರ."
ನಾ ಬ್ಲೇಡಿಲೆ ಕೋನು ಕೊಯ್ದು ತಗೀತೀನಿ,
ಮ್ಯಾಗ್ನೆಟ್ಟಿನ ಬಾಯಾಗ ಕುಂತ ಕಬ್ಬಿಣದ ಪುಡಿ
ಟೇಪು ಹಚ್ಚಿ ಹಚ್ಚಿ ಎಬ್ಬಸ್ತೀನಿ.
ಊದಿದ್ರ ಹೋಗಂಗಿಲ್ಲ ಅದು.

ಶಹಾಬಾದ ಸ್ಟೇಷನ್ನಿನ ಹಿಂದ ನಮ್ಮ ಅಂಗಡಿ.
ಮುಂಬೈ ಗಾಡಿ ಹೋದಾಗ ಟೇಬಲ್ಲು ನಡುಗ್ತದ,
ಆವಾಗ ನಾ ಕಾಯಿಲ್ ಸುತ್ತಂಗಿಲ್ಲ.
ತಾಮ್ರದ ತಂತಿ, ಒಂದರ ಮಗ್ಗಲಕ ಒಂದು,
ಎಪ್ಪತ್ತೆರಡು ಸುತ್ತು, ಮತ್ತ ಅದರ ಮ್ಯಾಲ ವಾಪಸ್.
ಒಂದು ಸುತ್ತು ಇನ್ನೊಂದನ್ನ ಹತ್ತಿ ಕುಂತ್ರ
ಸಂದಿನಾಗ ತಿಕ್ಕಿ ಜೀವನಪೂರ್ತಿ ಚರ್ ಅಂತದ.

ಸಂದು ಅಂದ್ರ ಎಷ್ಟು?
ಎರಡು ಕೂದಲ ಹಿಡಿಸ್ತಾವ, ಮೂರನೇದು ಹಿಡಸಂಗಿಲ್ಲ.
ಕಾಯಿಲು ನಟ್ಟನಡುವ ನಿಂದ್ರಬೇಕು
ಅಂಟು ಒಣಗೋತನಕ.
ಅದಕ್ಕ ಎಕ್ಸ್‌ರೇ ಫಿಲಂ.
ಸಣ್ಣ ಪಟ್ಟಿ ಕತ್ತರಿಸಿ ಸುತ್ತಲೂ ತುರುಕಿದ್ರ
ಅಲುಗಾಡಂಗಿಲ್ಲ.
ಕಲಬುರಗಿ ದವಾಖಾನಿ ಕಂಪೌಂಡರ್ ಕಿಲೋ ಲೆಕ್ಕದಾಗ ಕೊಡ್ತಿದ್ದ:
ಯಾರದೋ ಮಂಡಿ, ಯಾರದೋ ಮುರದ ಮುಂಗೈ,
ಒಂದು ಹಲ್ಲಿನ ಸಾಲು. ನಗಲಿಕ್ಕೆ ಹತ್ತಿದಂಗಿತ್ತು,
ಕತ್ತರಿಸಲಿಲ್ಲ, ತೆಗೆದಿಟ್ಟೆ.
ಈಗ ಎಲ್ಲಾ ಕಂಪ್ಯೂಟರಿನಾಗ ಅಂತ, ಫಿಲಂ ಸಿಗೋದು ಕಡಿಮಿ.

ಹೋದ ವರ್ಷ ಉಸ್ತಾದಗ ಹುಚ್ಚು ಹಿಡೀತು:
ಪ್ಲೈವುಡ್ ಬ್ಯಾಡ, ನಮ್ಮೂರ ಕಲ್ಲಿನ ಡಬ್ಬಿ ಮಾಡೋಣು,
ಕಲ್ಲು ತಾ ಹಾಡಂಗಿಲ್ಲ.
ಅಪ್ಪ ಆರು ಪರಸಿ ಕೊಯ್ದು ಪಾಲಿಶ್ ಹೊಡದ,
ನಾಕು ಮಂದಿ ಎತ್ತಿದ್ವಿ.
ಪಾಳು ಖಣಿಯ ಬಯಲಾಗ, ರಾತ್ರಿ ಎರಡಕ್ಕ,
ಕೋಲಿಗೆ ಮೈಕು ಕಟ್ಟಿ,
ಇಪ್ಪತ್ತರಿಂದ ಇಪ್ಪತ್ತು ಸಾವಿರತನಕ
ಒಂದು ಸಿಳ್ಳು ಏರಿಸಿದ್ವಿ.
ನಾಯಿ ಒದರಿದ್ವು. ಮತ್ತ ಏರಿಸಿದ್ವಿ.
ಲ್ಯಾಪ್‌ಟಾಪಿನ ಗೆರಿ
ನೂರಾ ಎಂಬತ್ತರ ಹತ್ರ ಗುಂಡಿಗೆ ಬಿತ್ತು.
ಉಸ್ತಾದ ಲೆಕ್ಕ ಮಾಡ್ಲಿಕ್ಕೆ ಕುಂತ. ಅಪ್ಪ
ಬೆರಳ ಗಿಣ್ಣಿಲೆ ಕಲ್ಲು ಕುಟಗೋತ ಒಂದು ಸುತ್ತು ಬಂದ:
ಠಣ್, ಠಣ್, ಠಣ್, ಠಪ್.
"ಇಲ್ಲಿ ಅಂಟು ಹಿಡದಿಲ್ಲ" ಅಂದ,
ಅಷ್ಟಂದು ಕೆಮ್ಮಲಿಕ್ಕೆ ಕುಂತ.
ಮೈಕು ಇನ್ನಾ ಚಾಲೂ ಇತ್ತು.
ಗೆರಿ ಮ್ಯಾಲ ಅದೂ ಬಂತು,
ಈ ತುದಿಯಿಂದ ಆ ತುದಿತನಕ.

ಶ್ರಾವಣದಾಗ ತಾನ ತಂದು ಕೊಟ್ಟ ಫಿಲಂ.
"ಡಾಕ್ಟರ ನೋಡಿ ಆತು. ನಿಮಗ ಬೇಕಲ್ಲ, ಇಟ್ಕೊ."
ಮೂಲ್ಯಾಗ ಬಿಳಿ ಅಕ್ಷರ: ಭೀಮಶಾ, ಐವತ್ತೆರಡು.
ಟ್ಯೂಬ್‌ಲೈಟಿಗೆ ಹಿಡದೆ.
ಪಕ್ಕೆಲುಬಿನ ನಡುವ
ಮೂವತ್ತು ವರ್ಷದ ಕಲ್ಲಿನ ಹಿಟ್ಟು.
ಟೇಪು ಹಚ್ಚಿ ತಗಿಯೂ ಜಾಗಾ ಅಲ್ಲ ಅದು.

ಎರಡು ತಿಂಗಳ ಡ್ರಾಯರಿನಾಗ ಇಟ್ಟೆ.
ಒಂದಿನ ಸೇಡಂ ಹೆಣ್ಣುಮಕ್ಕಳ ಸಾಲಿಯ ಸ್ಪೀಕರ್ ಬಂತು,
ನಾಳಿ ಪ್ರಾರ್ಥನಾಕ್ಕ ಬೇಕೇ ಬೇಕಂತ,
ಬ್ಯಾರೆ ಯಾವ ಫಿಲಮ್ಮೂ ಸರಿ ದಪ್ಪ ಇರಲಿಲ್ಲ.
ಅಂಚಿನಿಂದ ಕತ್ತರಿಸಿದೆ, ಬರೇ ಕರಿ ಇದ್ದ ಕಡೆ,
ಭುಜದ ಹೊರಗ.
ಎಂಟು ಪಟ್ಟಿ.
ರಾತ್ರಿಪೂರ್ತಿ ಕಾಯಿಲು ಹಿಡಕೊಂಡು ನಿಂತ್ವು.
ಮುಂಜಾನಿ ಒಂದೊಂದ ಎಳದು ತಗದೆ,
ಕಾಯಿಲು ಎಲ್ಲಿಯೂ ತಾಗದಂಗ ನಿಂತಿತ್ತು, ಸುತ್ತಲೂ ಗಾಳಿ.
ಟಾರ್ಚಿನ ಸೆಲ್ಲು ಹಚ್ಚಿದೆ:
ಕೋನು ಮುಂದ ಬಂತು.
ಬಿಟ್ಟೆ, ಹಿಂದ ಹೋತು.
ಚರ್ ಅನ್ನಲಿಲ್ಲ.

ಸಂಜಿಕ ಚಾ ಕುಡಿಲಿಕ್ಕೆ ಬಂದ ಅಪ್ಪ
ಫಿಲಂ ಎತ್ತಿ ಬೆಳಕಿಗೆ ಹಿಡದ.
"ಇನ್ನಾ ಎಷ್ಟು ಉಳದದ?"
ನಾ ಸ್ಕೇಲು ಇಟ್ಟು ಅಳದೆ.
"ಎಲುಬು ಮುಟ್ಟಲಾರದಂಗ
ಇನ್ನಾ ನಾಕು ಸ್ಪೀಕರಿಗೆ ಆಗ್ತದ."
"ಭಾಳಾತು" ಅಂದು
ಬಸಿಯಾಗ ಚಾ ಸುರವಿಕೊಂಡ.